ಮರಿ ಹಾಕುವ ಹಾವು, ಮೊಳಕೆ ಹೆರುವ ಕಾಂಡ್ಲಾ: ಪದೇ ಪದೇ ಕೇಳುವ ಪ್ರಶ್ನೆಗಳು

ಸಸ್ತನಿಗಳು ಮರಿ ಹಾಕುತ್ತವೆ, ಉಳಿದವು ಮೊಟ್ಟೆ ಇಡುತ್ತವೆ. ಶಾಲೆಯಲ್ಲಿ ಕಲಿತದ್ದು ಇಷ್ಟೇ. ಸರಿ ತಾನೇ?

ಅರ್ಧ ಸರಿ. ಸಸ್ತನಿಗಳಲ್ಲೇ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಪ್ಲಾಟಿಪಸ್, ಎಕಿಡ್ನಾಗಳು ಮೊಟ್ಟೆ ಇಟ್ಟು ಹಾಲೂಡಿಸುತ್ತವೆ. ಇತ್ತ ಹಾವು, ಮೀನು, ಚೇಳು, ಸಸ್ಯಹೇನುಗಳಲ್ಲಿ ಮರಿ ಹಾಕುವವು ಬೇಕಾದಷ್ಟಿವೆ. ಹಾವು-ಹಲ್ಲಿಗಳ ಬಳಗವೊಂದರಲ್ಲೇ ಈ ಗುಣ ನೂರಕ್ಕೂ ಹೆಚ್ಚು ಸಲ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ. ಮರಿ ಹಾಕುವುದು ಒಂದು ಕುಲದ ಲಕ್ಷಣವಲ್ಲ, ಹಲವು ಕುಲಗಳು ತಂತಮ್ಮ ದಾರಿಯಲ್ಲಿ ಬಂದು ಮುಟ್ಟಿದ ಉಪಾಯ.

ನಮ್ಮ ಹಳೆಯ ವಿಂಗಡಣೆ ಐತರೇಯ ಉಪನಿಷತ್ತಿನಲ್ಲೇ ಇದೆ: ಮೊಟ್ಟೆಯಿಂದ ಬಂದದ್ದು ಅಂಡಜ, ಗರ್ಭದ ಚೀಲದಿಂದ ಬಂದದ್ದು ಜರಾಯುಜ, ಬೆವರಿನಿಂದ ಬಂದದ್ದು ಸ್ವೇದಜ, ನೆಲ ಸೀಳಿ ಬಂದದ್ದು ಉದ್ಭಿಜ್ಜ. ಹಾವನ್ನು ಅಂಡಜದಲ್ಲೂ ಮರವನ್ನು ಉದ್ಭಿಜ್ಜದಲ್ಲೂ ಇಡುವುದು ರೂಢಿ. ಕೊಳಕುಮಂಡಲ ಮೊದಲನೆಯದಕ್ಕೆ ಒಗ್ಗುವುದಿಲ್ಲ, ಅಳಿವೆಯ ಉಪ್ಪು ಕೆಸರಿನಲ್ಲಿ ಬೆಳೆಯುವ ಮರ ಕಾಂಡ್ಲಾ (ಮ್ಯಾಂಗ್ರೋವ್) ಕೊನೆಯದಕ್ಕೆ ಒಗ್ಗುವುದಿಲ್ಲ.

ಹಾಗಾದರೆ 'ಅಂಡಜರಾಯುಜ' ಅಂದರೆ ಏನು?

ಮೊಟ್ಟೆ ತಾಯಿಯ ಒಡಲಲ್ಲೇ ಉಳಿದು, ಅಲ್ಲೇ ಒಡೆದು ಮರಿ ಹೊರಬಂದರೆ ಪಠ್ಯಪುಸ್ತಕಗಳು ಹಾಗೆನ್ನುತ್ತವೆ. ಪರೀಕ್ಷೆಗೆ ಈ ಪದ ಸಾಕು. ವಿಷಯ ಅರ್ಥವಾಗಬೇಕಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಒಡಲಲ್ಲಿರುವಾಗ ಮರಿಗೆ ಊಟ ಎಲ್ಲಿಂದ? ಮೊಟ್ಟೆಯ ಹಳದಿ ಭಾಗವೇ ಎಲ್ಲವೂ ಆದರೆ ತಾಯಿ ಕೊಡುವುದು ಜಾಗ, ತೇವ, ಉಸಿರು ಮಾತ್ರ. ಮಾಸಿನ ಮೂಲಕ ತಾಯಿಯ ರಕ್ತದಿಂದ ಆಹಾರ ಸಿಕ್ಕರೆ ಹಸು, ಆನೆ, ಮನುಷ್ಯರ ಹಾಗೆ. ಮೂರನೆಯ ದಾರಿಗಳೂ ಉಂಟು. ಸ್ಯಾಂಡ್ ಟೈಗರ್ ಶಾರ್ಕಿನಲ್ಲಿ ಮೊದಲು ಬಲಿತ ಮರಿ ಗರ್ಭದೊಳಗೇ ತನ್ನ ಒಡಹುಟ್ಟುಗಳನ್ನು ತಿನ್ನುತ್ತದೆ, ಆಮೇಲೆ ತಾಯಿ ಬಿಡುವ ಬರಿ ಮೊಟ್ಟೆಗಳನ್ನು. ಅದಕ್ಕೆ ಗರ್ಭಕೋಶ ಎರಡು, ಹುಟ್ಟುವುದು ಎರಡೇ ಮರಿ. ಹೀಗೆ ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲುಗಳಿವೆ, ನಡುವೆ ಗೋಡೆ ಇಲ್ಲ.

ನಮ್ಮಲ್ಲಿ ಮರಿ ಹಾಕುವ ಹಾವುಗಳು ಯಾವುವು?

ಕೊಳಕುಮಂಡಲ, ಗರಗಸ ಮಂಡಲ, ಮಲೆನಾಡಿನ ಗುಳಿಮಂಡಲಗಳು, ಮಣ್ಣುಮುಕ್ಕ, ಜನ 'ಎರಡು ತಲೆ ಹಾವು' ಎನ್ನುವ ಅದರ ಹತ್ತಿರದ ಬಳಗದ್ದು, ಕೊಂಬೆಯಲ್ಲಿ ತೂಗುವ ಹಸಿರು ಬಳ್ಳಿಹಾವು, ಘಟ್ಟದ ಮಣ್ಣೊಳಗೆ ಬದುಕುವ ಮೊಂಡುಬಾಲದ ಹಾವುಗಳು, ಕಡಲಹಾವುಗಳಲ್ಲಿ ಹೆಚ್ಚಿನವು. ಕಡಲಹಾವು ನೆಲಕ್ಕೆ ಬಾರದೆ ನೀರಿನಲ್ಲೇ ಹೆರುತ್ತದೆ. ಮೊಟ್ಟೆ ಇಡಲು ದಡಕ್ಕೆ ಬರಲೇಬೇಕಾದದ್ದು ಪಟ್ಟೆಗಳ ಕಡಲ ಕಟ್ಟುಹಾವು ಮಾತ್ರ.

ಮೊಟ್ಟೆ ಇಡುವವು: ನಾಗರ, ಕಾಳಿಂಗ, ಕಟ್ಟುಹಾವು, ಕೇರೆ, ಹೆಬ್ಬಾವು, ನೀರೊಳ್ಳೆ. ಮನೆಯಂಗಳದ ಸಾಮಾನ್ಯ ಹಾವುರಾಣಿಯೂ ಗೋಸುಂಬೆಯೂ ಮೊಟ್ಟೆಯವೇ.

ಗೊಬ್ಬರದ ಗುಂಡಿಯಲ್ಲಿ ಹಾವಿನ ಮೊಟ್ಟೆ ಸಿಕ್ಕಿದೆ. ಕೊಳಕುಮಂಡಲದ್ದಾಗಿರಬಹುದೇ?

ಆಗಿರಲಾರದು. ಕೊಳಕುಮಂಡಲ ಮೊಟ್ಟೆ ಇಡುವುದೇ ಇಲ್ಲ. ಗೊಬ್ಬರ, ತರಗೆಲೆ, ಹುತ್ತದ ಬಿಲಗಳಲ್ಲಿ ಸಿಗುವ ಮೆತ್ತನೆಯ, ಚರ್ಮದಂಥ ಸಿಪ್ಪೆಯ ಬಿಳಿ ಮೊಟ್ಟೆ ಕೇರೆಯದೋ ನಾಗರದ್ದೋ ನೀರೊಳ್ಳೆಯದೋ ಇರುತ್ತದೆ. ಅವನ್ನು ಹೊರಳಿಸಬೇಡಿ. ಹಾವಿನ ಮೊಟ್ಟೆಯೊಳಗೆ ಭ್ರೂಣ ಒಂದು ಕಡೆಗೆ ಅಂಟಿ ಬೆಳೆಯುತ್ತದೆ, ಮಗುಚಿದರೆ ಸಾಯಬಹುದು. ನಾಗರ ಮೊಟ್ಟೆಯ ಹತ್ತಿರವೇ ಇರುವುದುಂಟು, ಕೈ ಹಾಕುವ ಮುಂಚೆ ಅದು ನೆನಪಿರಲಿ.

ಕೊಳಕುಮಂಡಲದ ಒಂದು ಮರಿ ಅಂಗಳದಲ್ಲಿ ಕಂಡಿದೆ. ಇನ್ನೂ ಇರುತ್ತವೆಯೇ?

ಇರುವ ಸಾಧ್ಯತೆ ಹೆಚ್ಚು. ಒಂದು ಹೆರಿಗೆಗೆ ಸಾಮಾನ್ಯವಾಗಿ 20ರಿಂದ 40 ಮರಿ, ಒಮ್ಮೊಮ್ಮೆ ಇನ್ನೂ ಹೆಚ್ಚು. ಗರ್ಭ ಆರು ತಿಂಗಳಿಗೂ ಮೇಲೆ. ಬೇಸಿಗೆಯ ಕೊನೆಯಿಂದ ಮುಂಗಾರಿನ ಮೊದಲ ಭಾಗದವರೆಗೆ, ಮುಖ್ಯವಾಗಿ ಮೇಯಿಂದ ಜುಲೈವರೆಗೆ, ಮರಿಗಳು ಕಾಣುತ್ತವೆ. ತೆಳು ಪೊರೆಯ ಚೀಲದಲ್ಲಿ ಹೊರಬಂದ ಮರಿ ಪೊರೆ ಹರಿದುಕೊಂಡು ಎದ್ದಾಗ ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚು, 21ರಿಂದ 26 ಸೆಂಟಿಮೀಟರ್ ಇರುತ್ತದೆ. ತಾಯಿ ಕಾಯುವುದಿಲ್ಲ, ಕೆಲವೇ ದಿನಗಳಲ್ಲಿ ಮರಿಗಳು ಚದುರುತ್ತವೆ.

ಮರಿಗೂ ಹುಟ್ಟಿನಿಂದಲೇ ಹಲ್ಲಿದೆ, ವಿಷವಿದೆ. 'ಮರಿ ತಾನೇ' ಎಂದು ಕಡ್ಡಿಯಲ್ಲಿ ಎತ್ತಿ ಎಸೆಯಲು ಹೋಗಿ ಕಚ್ಚಿಸಿಕೊಳ್ಳುವವರಿದ್ದಾರೆ. ಇನ್ನೊಂದು ಎಡವಟ್ಟು ಮಣ್ಣುಮುಕ್ಕವನ್ನು ಮಂಡಲವೆಂದೂ ಮಂಡಲವನ್ನು ಮಣ್ಣುಮುಕ್ಕವೆಂದೂ ತಿಳಿಯುವುದು. ಕೊಳಕುಮಂಡಲದ ಮೈಮೇಲೆ ಸರಪಳಿಯಂತೆ ಮೂರು ಸಾಲು ದುಂಡು ಮಚ್ಚೆ, ಕುತ್ತಿಗೆಯಿಂದ ಬೇರೆಯಾಗಿ ಕಾಣುವ ತ್ರಿಕೋನದ ತಲೆ, ಕ್ರಮೇಣ ಸಣ್ಣಗಾಗುವ ಬಾಲ. ಮಣ್ಣುಮುಕ್ಕದ ಮಚ್ಚೆಗಳು ಅಡ್ಡಾದಿಡ್ಡಿ, ತಲೆ ಕುತ್ತಿಗೆಗೆ ಕೂಡಿಕೊಂಡಂತೆ, ಬಾಲ ಮೊಂಡು. ಕೆಣಕಿದರೆ ಮಂಡಲ ಕುಕ್ಕರ್ ಹಬೆ ಬಿಟ್ಟಂತೆ ಬುಸುಗುಟ್ಟುತ್ತದೆ. ಈ ಗುರುತುಗಳೆಲ್ಲ ದೂರದಿಂದ ನೋಡಲು. ಸಂಶಯವಿದ್ದರೆ ಮಂಡಲವೆಂದೇ ಎಣಿಸಿ.

ಮಾಡಬೇಕಾದದ್ದು: ಅಂಗಳದ ಹುಲ್ಲು ಸವರಿ, ಸೌದೆ-ಹೆಂಚಿನ ರಾಶಿಯನ್ನು ಗೋಡೆಯಿಂದ ದೂರವಿಡಿ, ಇಲಿ ಬಿಲ ಮುಚ್ಚಿ, ರಾತ್ರಿ ಬ್ಯಾಟರಿ ಇಲ್ಲದೆ ಹೊರಗೆ ಕಾಲಿಡಬೇಡಿ, ಕಬ್ಬು-ಭತ್ತದ ಗದ್ದೆಗೆ ಗಮ್‌ಬೂಟು ಹಾಕಿ. ಸೀಮೆಎಣ್ಣೆ, ಫಿನಾಯಿಲು, ಬೆಳ್ಳುಳ್ಳಿ ನೀರು ಎರಚುವುದು ನಿಮ್ಮ ಸಮಾಧಾನಕ್ಕಷ್ಟೇ.

ಕಚ್ಚಿದರೆ: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ಬಿಚ್ಚಿ, ಕೈಕಾಲು ಅಲುಗಾಡದಂತೆ ಪಟ್ಟಿ-ಕೋಲಿನ ಆಸರೆ ಕೊಟ್ಟು, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ. ಹಾವನ್ನು ಹಿಡಿದು ತರಬೇಕಿಲ್ಲ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ. ಅದಕ್ಕೇ ವೈದ್ಯರು ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಓರೆ ಮಾಡಿ ನೋಡುತ್ತಾರೆ.

ಹಾವು ಯಾಕಾಗಿ ಮರಿ ಹಾಕಬೇಕು? ಮೊಟ್ಟೆ ಇಟ್ಟು ಹೋಗುವುದು ಸುಲಭವಲ್ಲವೇ?

ಚಳಿಯ ನಾಡಿನಲ್ಲಿ ನೆಲದೊಳಗಿನ ಮೊಟ್ಟೆಗೆ ಶಾಖ ಸಾಲದು. ತಾಯಿ ಬಿಸಿಲು ಕಾಯಿಸಿಕೊಂಡರೆ ಒಡಲಲ್ಲಿರುವ ಮೊಟ್ಟೆಗೂ ಬಿಸಿಲು ಸಿಕ್ಕಂತೆ. ಯುರೋಪಿನ ಒಂದೇ ಜಾತಿಯ ಹಲ್ಲಿ ಕೆಲವು ಪ್ರದೇಶಗಳಲ್ಲಿ ಮೊಟ್ಟೆ ಇಡುತ್ತದೆ, ಉಳಿದೆಡೆ ಮರಿ ಹಾಕುತ್ತದೆ. ಆಸ್ಟ್ರೇಲಿಯಾದ ಮೂರು ಬೆರಳಿನ ಹಾವುರಾಣಿಯೊಂದು ಒಂದೇ ಬಸಿರಿನಲ್ಲಿ ಮೊದಲು ಮೊಟ್ಟೆ ಇಟ್ಟು, ವಾರಗಳ ನಂತರ ಜೀವಂತ ಮರಿ ಹಾಕಿದ್ದು 2019ರಲ್ಲಿ ವರದಿಯಾಯಿತು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬಸುರಿ ಹಾವು ಭಾರ, ನಿಧಾನ, ತಿನ್ನುವುದು ಕಡಿಮೆ. ಅದು ಸತ್ತರೆ ಇಡೀ ಸಂತಾನ ಒಟ್ಟಿಗೇ ಹೋಯಿತು.

ಹಕ್ಕಿಗಳಲ್ಲಿ ಒಂದೂ ಮರಿ ಹಾಕುವುದಿಲ್ಲವಲ್ಲ. ಹಾರಲು ಭಾರವಾಗುತ್ತದೆಂದೇ?

ಆ ಕಾರಣ ಬಾವಲಿಯ ಮುಂದೆ ನಿಲ್ಲುವುದಿಲ್ಲ. ಅದು ಬಸುರಿಯಾಗಿಯೂ ಹಾರುತ್ತದೆ, ಹೆತ್ತ ಮರಿಯನ್ನು ಎದೆಗೆ ಅಂಟಿಸಿಕೊಂಡೂ ಹಾರುತ್ತದೆ. ಕೋಳಿಯ ಮೊಟ್ಟೆ ಸಿದ್ಧವಾಗಿ ಹೊರಬರಲು ಬೇಕಾದದ್ದು ಸುಮಾರು 24ರಿಂದ 26 ತಾಸು. ಗಟ್ಟಿ ಸುಣ್ಣದ ಚಿಪ್ಪು ಕಟ್ಟಿದ ಮೇಲೆ ಒಡಲೊಳಗೆ ಅದಕ್ಕೆ ಉಸಿರಾಡಲು ಸಾಲದು. ಒಳಗೆ ಉಳಿಸಿಕೊಳ್ಳುವ ಮೊದಲ ಮೆಟ್ಟಿಲನ್ನೇ ಹಕ್ಕಿಗಳು ಹತ್ತಿಲ್ಲ. ಮೊಸಳೆ, ಆಮೆಗಳೂ ಅಷ್ಟೇ.

ಮೀನಂಗಡಿಯಲ್ಲಿ ತಂದ ಸಣ್ಣ ಶಾರ್ಕಿನ ಹೊಟ್ಟೆಯಲ್ಲಿ ಮರಿಗಳಿದ್ದವು. ಮೊಟ್ಟೆ ಯಾಕಿರಲಿಲ್ಲ?

ಪಶ್ಚಿಮ ಕರಾವಳಿಯ ಬಲೆಗೆ ಹೆಚ್ಚಾಗಿ ಬೀಳುವ ಚಪ್ಪಟೆ ಮೂತಿಯ ಪುಟ್ಟ ಸ್ಪೇಡ್‌ನೋಸ್ ಶಾರ್ಕ್ ಮರಿ ಹಾಕುವ ಜಾತಿ. ಅದರ ಮೊಟ್ಟೆ ಸುಮಾರು 1 ಮಿಲಿಮೀಟರ್, ಸಾಸಿವೆಗಿಂತ ಸಣ್ಣದು, ಹಳದಿ ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟುವ ಮರಿ 12ರಿಂದ 15 ಸೆಂಟಿಮೀಟರ್. ನಡುವಿನ ಬೆಳವಣಿಗೆ ಪೂರ್ತಿ ತಾಯಿಯದು, ಹೊಕ್ಕುಳಬಳ್ಳಿ ಮತ್ತು ಮಾಸಿನ ಮೂಲಕ. ಹೊಟ್ಟೆ ಸೀಳುವಾಗ ಜೋಪಾನವಾಗಿ ನೋಡಿದರೆ ಮರಿಯ ಎದೆಯ ಈಜುರೆಕ್ಕೆಗಳ ನಡುವೆ ಆ ಬಳ್ಳಿ ಕಾಣುತ್ತದೆ. ಈಗಷ್ಟೇ ಹುಟ್ಟಿದ ಮರಿಯಲ್ಲಿ ಅದೇ ಜಾಗದಲ್ಲಿ ಹೊಕ್ಕುಳಿನ ಗಾಯದ ಗೆರೆ ಇರುತ್ತದೆ. ಮೀನಿಗೆ ಹೊಕ್ಕುಳು ಎಂದರೆ ನಗುವವರಿಗೆ ತೋರಿಸಿ.

ತೊರಕೆಗಳೂ ಮರಿ ಹಾಕುತ್ತವೆ. ಅವುಗಳಲ್ಲಿ ಮಾಸು ಇಲ್ಲ, ಗರ್ಭಕೋಶದ ಗೋಡೆಯಿಂದ ಒಸರುವ ಹಾಲಿನಂಥ ದ್ರವವೇ ಊಟ. ತಿಮಿಂಗಿಲ ಶಾರ್ಕ್ ಮೊಟ್ಟೆ ಇಡುತ್ತದೋ ಮರಿ ಹಾಕುತ್ತದೋ ಎಂಬ ವಾದ ಮುಗಿದದ್ದು 1995ರಲ್ಲಿ ತೈವಾನಿನಲ್ಲಿ ಸಿಕ್ಕ ಹೆಣ್ಣೊಂದರ ಒಡಲಲ್ಲಿ ಸುಮಾರು 300 ಮರಿಗಳು ಕಂಡಾಗ.

ಬಸುರಿ ಶಾರ್ಕ್ ಹಿಡಿದರೆ ಮುಂದಿನ ಪೀಳಿಗೆಯೂ ಬುಟ್ಟಿಗೆ ಬಿತ್ತು ಎಂದೇ ಅರ್ಥ. ಬಂಗುಡೆ, ಬೂತಾಯಿಯಂತೆ ಸಾವಿರಗಟ್ಟಲೆ ಮೊಟ್ಟೆ ಚೆಲ್ಲುವ ಮೀನಲ್ಲ ಅದು.

ಗಪ್ಪಿ ಮರಿ ಹಾಕಿದ ಮಾರನೆ ದಿನ ಒಂದೂ ಇರಲಿಲ್ಲ. ಏನಾಯಿತು?

ತಾಯಿಯೇ ತಿಂದಿದೆ. ಗಂಡುಗಳೂ ಜೊತೆಗೂಡಿವೆ. ಗಪ್ಪಿ ಸುಮಾರು 21ರಿಂದ 30 ದಿನಕ್ಕೊಮ್ಮೆ ಮರಿ ಹಾಕುತ್ತದೆ, ಬಲಿತ ಹೆಣ್ಣಾದರೆ ಒಮ್ಮೆಗೆ 20ರಿಂದ 60. ಮರಿ 6ರಿಂದ 8 ಮಿಲಿಮೀಟರ್, ತೊಟ್ಟಿಯಲ್ಲಿ ಚಲಿಸುವ ಸಣ್ಣದೆಲ್ಲ ಗಪ್ಪಿಯ ಕಣ್ಣಿಗೆ ಸೊಳ್ಳೆಹುಳುವೇ.

ಹೆರಿಗೆ ಹತ್ತಿರವಾದ ಗುರುತು: ಹೊಟ್ಟೆಯ ಹಿಂಭಾಗದ ಕಪ್ಪು ಮಚ್ಚೆ ದೊಡ್ಡದಾಗಿ, ಪಕ್ಕದಿಂದ ನೋಡಿದರೆ ಹೊಟ್ಟೆ ದುಂಡಗಿದ್ದದ್ದು ಚೌಕವಾಗುತ್ತದೆ. ಆಗ ಮೂಲೆ ಸೇರುತ್ತದೆ, ಊಟ ಬಿಡುತ್ತದೆ. ಈ ಹೊತ್ತಿನಲ್ಲಿ ಜಾಲರಿಯಿಂದ ಹಿಡಿದು ಬೇರೆ ತೊಟ್ಟಿಗೆ ಹಾಕುವುದೇ ಹೆಚ್ಚಿನವರು ಮಾಡುವ ತಪ್ಪು. ಗಾಬರಿಗೆ ದಿನ ತುಂಬುವ ಮುಂಚೆ ಹೆರುತ್ತದೆ. ಹೊಟ್ಟೆಗೆ ಹಳದಿ ಚೀಲ ಅಂಟಿಕೊಂಡೇ ತಳಕ್ಕೆ ಬಿದ್ದ ಮರಿ ಕಂಡರೆ ಆದದ್ದು ಅದೇ. ಸ್ಥಳಾಂತರ ಮಾಡುವುದಿದ್ದರೆ ಒಂದು ವಾರ ಮೊದಲೇ, ಲೋಟದಲ್ಲಿ ನೀರಿನ ಸಮೇತ ಮಾಡಿ. ಅದಕ್ಕಿಂತ ಒಳ್ಳೆಯ ದಾರಿ ತೊಟ್ಟಿಯ ಮೂರನೆಯ ಒಂದು ಭಾಗವನ್ನು ಪಾಚಿಗಿಡ, ಹೈಡ್ರಿಲ್ಲಾದಿಂದ ದಟ್ಟವಾಗಿ ತುಂಬಿಸಿ ಬಿಟ್ಟುಬಿಡುವುದು. ಮರಿಗಳು ತಾವೇ ಅಡಗುತ್ತವೆ.

ಮರಿಗೆ ಬೆಂದ ಮೊಟ್ಟೆಯ ಹಳದಿಯನ್ನು ನೀರಿನಲ್ಲಿ ಕದಡಿ, ಸೂಜಿಮೊನೆಯಷ್ಟು, ದಿನಕ್ಕೆ ಮೂರ್ನಾಲ್ಕು ಸಲ. ಹೆಚ್ಚಾದರೆ ನೀರು ಕೊಳೆತು ಮರಿ ಸಾಯುತ್ತವೆ, ಹಸಿವಿನಿಂದ ಸಾಯುವುದಕ್ಕಿಂತ ಇದೇ ಹೆಚ್ಚು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಅಗಲಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ಹಾಕಿ.

ಗಂಡು ಸತ್ತು ಎರಡು ತಿಂಗಳಾಯಿತು, ಆದರೂ ಮರಿ ಹಾಕಿದೆ!

ಹೆಣ್ಣು ಗಪ್ಪಿ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಇಟ್ಟುಕೊಳ್ಳಬಲ್ಲದು. ಒಂದು ಕೂಡುವಿಕೆಗೆ ಹಲವು ಹೆರಿಗೆ. ಅಂಗಡಿಯಿಂದ 'ಒಂಟಿ ಹೆಣ್ಣು' ತಂದರೆ ಹೆಚ್ಚಾಗಿ ಬಸುರಿಯನ್ನೇ ತಂದಿರುತ್ತೀರಿ.

ಹೆಚ್ಚಾದ ಗಪ್ಪಿಯನ್ನು ಕೆರೆಗೆ ಬಿಡಬಹುದೇ? ಸೊಳ್ಳೆ ತಿನ್ನುತ್ತವಲ್ಲ.

ಬೇಡ. ಸಿಮೆಂಟ್ ತೊಟ್ಟಿ, ಕಾರಂಜಿ, ಬಳಸದ ಬಾವಿಯಂಥ ಮುಚ್ಚಿದ ನೀರಿಗೆ ಮಾತ್ರ ಸರಿ. ಆರೋಗ್ಯ ಇಲಾಖೆಯವರು ಬಿಡುವ ಗಪ್ಪಿ, ಗ್ಯಾಂಬೂಸಿಯ ಎರಡೂ ಅಮೆರಿಕ ಖಂಡಗಳಿಂದ ಬಂದವು. ಹಳ್ಳ-ಕೆರೆಗೆ ಬಿದ್ದರೆ ನಮ್ಮ ಸಣ್ಣ ಮೀನಿನ ಮೊಟ್ಟೆ, ಕಪ್ಪೆಯ ಗೊದಮೊಟ್ಟೆಗಳನ್ನೂ ಮುಗಿಸುತ್ತವೆ. ಮರಿ ಹಾಕುವ ಮೀನು ಒಂದೇ ಒಂದು ಬಸುರಿ ಹೆಣ್ಣಿನಿಂದ ಹೊಸ ಕೆರೆಯಲ್ಲಿ ನೆಲೆಯೂರಬಲ್ಲದು. ಅಪಾಯ ಇರುವುದು ಅಲ್ಲೇ.

ಚೇಳು ಹೆತ್ತ ಕೂಡಲೇ ಸಾಯುತ್ತದೆ, ಮರಿಗಳು ತಾಯಿಯ ಬೆನ್ನು ಸೀಳಿ ಬರುತ್ತವೆ ಎನ್ನುತ್ತಾರೆ. ನಿಜವೇ?

ಸುಳ್ಳು. ಚೇಳುಗಳೆಲ್ಲ ಮರಿಯನ್ನೇ ಹಾಕುತ್ತವೆ, ಮರಿ ಬರುವುದು ಹೊಟ್ಟೆಯ ಅಡಿಯ ದ್ವಾರದಿಂದ. ಬಂದ ಮರಿಗಳು ಬೆಳ್ಳಗೆ, ಅಕ್ಕಿಕಾಳಿನಂತೆ, ತಾಯಿಯ ಬೆನ್ನೇರಿ ಮೊದಲ ಪೊರೆ ಬಿಡುವವರೆಗೆ ಅಲ್ಲೇ ಇರುತ್ತವೆ. ಬೆನ್ನು ತುಂಬ ಮುತ್ತಿಕೊಂಡದ್ದನ್ನು ಕಂಡವರು 'ತಿನ್ನುತ್ತಿವೆ' ಅಂದುಕೊಂಡಿದ್ದಾರೆ. ತಿನ್ನುವುದಿದ್ದರೆ ತಾಯಿಯೇ, ಹೆದರಿದಾಗ ಒಂದೆರಡು ಮರಿಯನ್ನು.

ಅವರೆಯ ಕುಡಿಯಲ್ಲಿ ನಿನ್ನೆ ನಾಲ್ಕು ಹೇನು, ಇವತ್ತು ನೂರು. ಮೊಟ್ಟೆ ಎಲ್ಲೂ ಕಾಣುವುದಿಲ್ಲ.

ಮೊಟ್ಟೆ ಇದ್ದರೆ ತಾನೇ ಕಾಣುವುದು. ನಮ್ಮ ಬೆಚ್ಚನೆಯ ಹವೆಯಲ್ಲಿ ಸಸ್ಯಹೇನುಗಳು ಹೆಚ್ಚಾಗಿ ಗಂಡಿನ ಗೊಡವೆಯೇ ಇಲ್ಲದೆ ಹೆಣ್ಣುಮರಿಗಳನ್ನೇ ಹೆರುತ್ತವೆ. ತಾಯಿಯ ಹೊಟ್ಟೆಯಲ್ಲಿರುವ ಮಗಳ ಹೊಟ್ಟೆಯಲ್ಲಿ ಮೊಮ್ಮಗಳು ಆಗಲೇ ಬೆಳೆಯತೊಡಗಿರುತ್ತದೆ. ಹುಟ್ಟಿದ್ದು ವಾರ-ಹತ್ತು ದಿನದಲ್ಲಿ ತಾಯಿ. ಹಾಗಾಗಿ ಒಂದೇ ಸಿಂಪಡಣೆಗೆ ಮುಗಿಯದು. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು 1–2 ಮಿಲಿ ಸೋಪುದ್ರಾವಣ ಹಾಕಿ, ಸಂಜೆ, ಎಲೆಯ ಅಡಿಗೂ ಕುಡಿಗೂ ತಗಲುವಂತೆ ಹೊಡೆದು, ಏಳನೆಯ ದಿನ ಮತ್ತೊಮ್ಮೆ. ಹೇನು ತಿನ್ನುವ ಗುಲಗಂಜಿ ಹುಳು ಮತ್ತು ಅದರ ಮೊಸಳೆಯಾಕಾರದ ಮರಿಹುಳು ಇದ್ದರೆ ಎರಡು ದಿನ ಕಾದು ನೋಡಿ. ಇರುವೆ ಸಾಲು ಹತ್ತದಂತೆ ಮಾಡಿ, ಅವು ಹೇನಿನ ಸಿಹಿಗಾಗಿ ಕಾವಲು ನಿಲ್ಲುತ್ತವೆ.

ಗಿಡವೂ ಮರಿ ಹಾಕುತ್ತದೆಯೇ?

ಕಾಂಡ್ಲಾ ಹಾಕುತ್ತದೆ. ಕಾಳಿ, ಅಘನಾಶಿನಿ, ಶರಾವತಿ ಅಳಿವೆಗಳಲ್ಲೂ ಕುಂದಾಪುರದ ಹಿನ್ನೀರಿನಲ್ಲೂ ರೈಜೋಫೊರಾ ಮರಗಳಿಂದ ನುಗ್ಗೆಕಾಯಿಯಂತೆ ಜೋತಾಡುವುದು ಕಾಯಲ್ಲ, ಬೀಜವೂ ಅಲ್ಲ, ಮೊಳೆತ ಸಸಿ. ಬೀಜ ಹಣ್ಣಿನೊಳಗೇ ಮೊಳೆತು, ಹಣ್ಣನ್ನು ತೂರಿ, ತಾಯಿಮರದ ಆಹಾರದಲ್ಲೇ ತಿಂಗಳುಗಟ್ಟಲೆ ಬೆಳೆದು ಮೊಳದುದ್ದವಾಗಿ ಕಳಚಿ ಬೀಳುತ್ತದೆ. ಇದೇ ಬಳಗದ ಕಾಂಡೆಲಿಯಾ ಕುಲದ ಹೆಸರು ಬಂದದ್ದು ಮಲಯಾಳದ 'ಕಂಡಲ್'ನಿಂದ, ನಮ್ಮ ಕಾಂಡ್ಲಾದ ಸೋದರ ಪದ. ಅವಿಸೆನಿಯಾ ಎಂಬ ಇನ್ನೊಂದು ಬಗೆಯ ಕಾಂಡ್ಲಾದಲ್ಲಿ ಬೀಜ ಒಳಗೇ ಮೊಳೆತರೂ ಸಿಪ್ಪೆ ಸೀಳುವುದಿಲ್ಲ, ಅದು ಗುಟ್ಟಿನ ಬಸಿರು.

ಉಪ್ಪು ಕೆಸರಿನಲ್ಲಿ ಬೀಜಕ್ಕೆ ಮೊಳೆಯುವ ಹೊತ್ತೇ ಗಂಡಾಂತರದ್ದು. ಆ ಹೊತ್ತನ್ನು ಮರ ತನ್ನ ಮೇಲೆ ಕಳೆಯಿಸುತ್ತದೆ. ಬಾಣದಂತೆ ಬಿದ್ದು ಕೆಸರಿಗೆ ನಾಟಿಕೊಳ್ಳುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಇಳಿತದ ಹೊತ್ತು ಬಿದ್ದ ಕೆಲವು ಹಾಗೆ ನಾಟುತ್ತವೆ ನಿಜ. ಹೆಚ್ಚಿನವು ತೇಲಿ ಹೋಗಿ, ವಾರಗಳ ನಂತರ ಬೇರಿನ ತುದಿ ಭಾರವಾಗಿ ನೆಟ್ಟಗಾಗಿ, ಎಲ್ಲೋ ತಂಗುತ್ತವೆ.

ಗಜನಿ (ಅಳಿವೆಯ ಉಪ್ಪುನೀರಿನ ಗದ್ದೆ) ಕಟ್ಟೆಗೆ ಕಾಂಡ್ಲಾ ನೆಡುವುದು ಹೇಗೆ?

ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ಅಳಿವೆಯ ಜಾಗಗಳಿಗೆ ಕರಾವಳಿ ನಿಯಂತ್ರಣ ವಲಯದ ಕಟ್ಟಳೆ ಇದೆ.

ಕೋಡನ್ನು, ಅಂದರೆ ಜೋತಾಡುವ ಆ ಮೊಳೆತ ಸಸಿಯನ್ನು, ಕೊಯ್ಯುವುದಕ್ಕಿಂತ ಬಿದ್ದದ್ದನ್ನು ಆಯುವುದು ಒಳ್ಳೆಯದು. ಮರದಲ್ಲಿದ್ದರೆ ಹಣ್ಣಿಗೂ ಕೋಡಿಗೂ ನಡುವಿನ ಕೊರಳು ನೋಡಿ. ರೈಜೋಫೊರಾ ಮ್ಯುಕ್ರೊನೇಟಾದಲ್ಲಿ ಅದು ಹಳದಿಗೆ, ಅಪಿಕ್ಯುಲೇಟಾದಲ್ಲಿ ಕೆಂಪಿಗೆ ತಿರುಗಿದ್ದರೆ ಬಲಿತಿದೆ. ಮುಟ್ಟಿದರೆ ಕಳಚಬೇಕು, ಎಳೆದರೆ ಬರುವಂಥದ್ದು ಎಳೆಯದು. ತಲೆಯ ಹಣ್ಣಿನ ಟೊಪ್ಪಿಯನ್ನು ಕಿತ್ತು ತೆಗೆಯಬೇಡಿ, ಒಳಗಿನ ಸುಳಿ ಮುರಿದರೆ ಆ ಕೋಡು ಕೋಲು ಮಾತ್ರ. ತೂತು ಕೊರೆದದ್ದು, ಬಾಗಿ ಒಣಗಿದ್ದು ಬೇಡ. ನೆರಳಿನಲ್ಲಿ ಒದ್ದೆ ಗೋಣಿಚೀಲ ಹೊದಿಸಿಟ್ಟು ಒಂದು ವಾರದೊಳಗೆ ನೆಡಿ.

ಮಳೆಯ ಅಬ್ಬರ ಇಳಿದ ಮೇಲೆ, ಇಳಿತದ ಹೊತ್ತಿಗೆ ಇಳಿಯಿರಿ. ಚೂಪು ತುದಿ ಕೆಳಗೆ, ಸುಳಿ ಮೇಲೆ. ತಲೆಕೆಳಗಾಗಿ ನೆಡುವುದು ಅಪರೂಪದ ತಪ್ಪೇನಲ್ಲ, ಗುಂಪಿನಲ್ಲಿ ಹೊಸಬರಿದ್ದರೆ ಮೊದಲು ಒಂದು ನೆಟ್ಟು ತೋರಿಸಿ. ಉದ್ದದ ಮೂರನೆಯ ಒಂದು ಭಾಗ ಮಾತ್ರ ಕೆಸರೊಳಗೆ ಹೋಗಲಿ. ಹೆಚ್ಚು ಆಳವಾದರೆ ಕೊಳೆಯುತ್ತದೆ, ಕಡಿಮೆಯಾದರೆ ಉಬ್ಬರ ಕಿತ್ತೊಯ್ಯುತ್ತದೆ. ಒಂದರಿಂದ ಒಂದೂವರೆ ಮೀಟರ್ ಅಂತರ ಸಾಕು.

ಸಾಯುವುದಕ್ಕೆ ಮುಖ್ಯ ಕಾರಣ ಜಾಗದ ಆಯ್ಕೆ. ದಿನವಿಡೀ ನೀರು ನಿಲ್ಲುವ ತಗ್ಗಿನಲ್ಲಿ ನೆಟ್ಟರೆ ಸಸಿಗೆ ಉಸಿರಿಲ್ಲ. ಹತ್ತಿರದಲ್ಲೇ ಕಾಂಡ್ಲಾ ತಾನಾಗಿ ಬೆಳೆದಿದ್ದರೆ ಅದು ನಿಂತ ಮಟ್ಟವನ್ನೇ ಅಳತೆಯಾಗಿಟ್ಟುಕೊಳ್ಳಿ. ಹಿಂದೆಂದೂ ಕಾಂಡ್ಲಾ ಇಲ್ಲದ ಬಯಲು ಕೆಸರಿನಲ್ಲಿ ಒತ್ತಾಯಕ್ಕೆ ನೆಡಬೇಡಿ, ಅಲ್ಲಿ ಚಿಪ್ಪಿಕಲ್ಲು, ಏಡಿ, ಹಕ್ಕಿಗಳಿಗೆ ಬೇರೆ ಸಂಸಾರವಿದೆ. ಏಡಿ ಕಡಿತ ಹೆಚ್ಚಿರುವ ಕಡೆ ಪಾಲಿಥೀನ್ ಚೀಲದಲ್ಲಿ ಅಳಿವೆಯ ಕೆಸರು ತುಂಬಿ, ಅರೆನೆರಳಿನಲ್ಲಿ ನಾಲ್ಕಾರು ಎಲೆ ಬರುವವರೆಗೆ ಬೆಳೆಸಿ ನೆಟ್ಟರೆ ಉಳಿಯುವುದು ಹೆಚ್ಚು. ಕಟ್ಟೆಯ ಮೇಲಿನವನ್ನು ದನಗಳಿಂದ ಕಾಯಬೇಕು.

ಸೀಮೆಬದನೆಯ ಬೀಜ ಎಲ್ಲೂ ಮಾರಾಟಕ್ಕಿಲ್ಲ ಯಾಕೆ?

ಅದೂ ಮರಿ ಹೊತ್ತ ಕಾಯಿ. ಒಳಗಿರುವ ಒಂದೇ ಬೀಜ ಕಾಯೊಳಗೇ ಮೊಳೆಯುತ್ತದೆ, ಹೊರತೆಗೆದರೆ ಒಣಗಿ ಸಾಯುತ್ತದೆ. ಬಲಿತ ಕಾಯನ್ನು ನೆರಳಿನಲ್ಲಿಟ್ಟು, ಅಗಲ ತುದಿಯ ಬಿರುಕಿನಿಂದ ಕುಡಿ ಗೇಣುದ್ದ ಬಂದ ಮೇಲೆ ಇಡೀ ಕಾಯನ್ನೇ ಓರೆಯಾಗಿ, ಕುಡಿ ಮೇಲಿರುವಂತೆ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೂಳಿ. ಪೂರ್ತಿ ಮುಚ್ಚಿದರೆ ಕೊಳೆಯುತ್ತದೆ. ಬಳ್ಳಿಗೆ ಗಟ್ಟಿ ಚಪ್ಪರ ಬೇಕು. ನೆರೆಯ ತಮಿಳರು, ತೆಲುಗರು ಇದನ್ನು ಬೆಂಗಳೂರು ಬದನೆ ಎನ್ನುತ್ತಾರೆ, ತವರು ಮಾತ್ರ ಮೆಕ್ಸಿಕೊ ಕಡೆ.

ಕೀಳುವ ಮುಂಚೆಯೇ ಶೇಂಗಾ ಹೊಲದಲ್ಲಿ ಮೊಳೆತಿದೆ. ಇದೂ ಅದೇ ಜಾತಿಯದೇ?

ನೋಡಲು ಒಂದೇ, ಆದರೆ ಇಲ್ಲಿ ಅದು ಗುಣವಲ್ಲ, ನಷ್ಟ. ಬಲಿತ ಬೀಜವನ್ನು ಮಲಗಿಸಿಡುವುದು ಅಬ್ಸಿಸಿಕ್ ಆಮ್ಲವೆಂಬ ಸಸ್ಯರಸ. ಗೆಜ್ಜೆ ಶೇಂಗಾದ ತಳಿಗಳಲ್ಲಿ ಆ ನಿದ್ದೆ ಇಲ್ಲವೇ ಇಲ್ಲ ಎನ್ನಬಹುದು, ಬಳ್ಳಿ ಶೇಂಗಾದಲ್ಲಿ ವಾರಗಟ್ಟಲೆ ಇರುತ್ತದೆ. ಗೆಜ್ಜೆ ಶೇಂಗಾ ಬಲಿತ ಮೇಲೆ ಮಳೆ ಹಿಡಿದರೆ ಕಾಯದೆ ಕೀಳಬೇಕು. ಸಿಪ್ಪೆಯ ಒಳಮೈ ಕಪ್ಪಾಗಿದೆಯೇ ಎಂದು ನಾಲ್ಕಾರು ಗಿಡ ಕಿತ್ತು ನೋಡಿದರೆ ಬಲಿತದ್ದು ತಿಳಿಯುತ್ತದೆ. ಮೊಳೆತ ಕಾಯಿ ಬಿತ್ತನೆಗೆ ಬೇಡ, ಬೂಸ್ಟು ಹಿಡಿದದ್ದು ದನಕ್ಕೂ ಬೇಡ.

ಕಾಡುಬಸಳೆ ಎಲೆಯ ಅಂಚಿನಲ್ಲಿ ಮರಿಗಿಡ ಬರುತ್ತದಲ್ಲ?

ಅಲ್ಲಿ ಬೀಜವೇ ಇಲ್ಲ. ಎಲೆಯ ಕಚ್ಚಿನಲ್ಲಿ ಮೊಗ್ಗೊಡೆದು ಬಂದದ್ದು ತಾಯಿಯದೇ ತುಂಡು. ಕತ್ತಾಳೆಯ ಎತ್ತರದ ಹೂದಂಟಿನಲ್ಲಿ ಸಾಲಾಗಿ ಕಟ್ಟುವ ಮರಿಗಳೂ ಹಾಗೆಯೇ. ಕೆಳಗೆ ಬಿದ್ದದ್ದನ್ನು ಆಯ್ದು ನೆಟ್ಟರೆ ಬೇಲಿಗೆ ಸಾಕಾಗುವಷ್ಟು ಸಿಗುತ್ತವೆ.